ಅತ್ತಿಯ ಕವಳಿಗಾಗಿ ಆರಿಸಿದ ಕಾಲೇಜು

ಒಂದೇ ವಾರದಲ್ಲಿ ಎರಡು ರಾಜ್ಯಗಳು ನನಗೆ ದಂತವೈದ್ಯಕೀಯದ ಸೀಟು ಕೊಟ್ಟವು. ಒಂದು ಖಾಸಗಿ ಕಾಲೇಜು, ಗಡಿಯಾಚೆ, ಕರ್ನಾಟಕದಲ್ಲಿ. ಜತ್ತದಲ್ಲಿ ಬಸ್ಸು ಹತ್ತಿದರೆ ಎರಡು ತಾಸಿಗೆ ಆ ಕಾಲೇಜಿನ ಗೇಟು. ಇನ್ನೊಂದು ಸರ್ಕಾರಿ ಕಾಲೇಜು, ನಾವಿರುವ ಮಹಾರಾಷ್ಟ್ರದಲ್ಲೇ, ಆದರೆ ರಾಜ್ಯದ ಆ ತುದಿಗೆ, ವಿದರ್ಭದ ಕಡೆ. ಮಿರಜದಲ್ಲಿ ರೈಲು ಹತ್ತಿದರೆ ಮರುದಿನ ಹೋಗಿ ಮುಟ್ಟಬೇಕು.

ಅಪ್ಪ ಪೇಢೆ ತಂದು ವಳಸಂಗದ ನಮ್ಮ ಓಣಿಗೆಲ್ಲ ಹಂಚಿದ. ನನಗೆ ಖುಷಿಪಡುವಷ್ಟು ತ್ರಾಣ ಇರಲಿಲ್ಲ. ಮೊದಲ ಸಲ ನೀಟ್ ಬರೆದಾಗ ಅಂಕ ಸಾಲದೆ, ಒಂದು ವರ್ಷ ಸಾಂಗ್ಲಿಯಲ್ಲಿ ರೂಮು ಮಾಡಿಕೊಂಡು ಕ್ಲಾಸಿಗೆ ಹೋಗಿದ್ದೆ. ಮೆಸ್ಸಿನ ನೀರು ಸಾರು, ತಗಡಿನ ಮಾಡು, ಗೋಡೆ ತುಂಬ ಅಂಟಿಸಿದ ಸೂತ್ರಗಳು. ಪರೀಕ್ಷೆ ಮುಗಿದ ಮೇಲೂ ಮುಗಿದಂತಾಗಲಿಲ್ಲ. ಒಂದು ರಾಜ್ಯದ ಯಾದಿ ನೋಡು, ಇನ್ನೊಂದರ ಯಾದಿ ನೋಡು, ತಹಸೀಲ್ ಕಚೇರಿಗೆ ಹೋಗು, ದಾಖಲೆ ಸಿಗಲಿಲ್ಲ, ಸೋಮವಾರ ಮತ್ತೆ ಹೋಗು. ಕೊನೆಗೆ ಸೀಟು ಬಂದಾಗ ಅದನ್ನೂ ಯಾವುದೋ ಕಚೇರಿ ಕೆಲಸ ಮುಗಿದ ಹಾಗೆ ತೆಗೆದುಕೊಂಡೆ.

ಕರ್ನಾಟಕದ ಸೀಟು ಸಿಕ್ಕಿದ್ದು ನಾನು ಗಡಿನಾಡ ಕನ್ನಡತಿ ಅಂತ. ನಮ್ಮ ತಾಲೂಕಿನಲ್ಲಿ ಹುಟ್ಟಿ ಇಲ್ಲೇ ಓದಿದ, ಮನೆಮಾತು ಕನ್ನಡವಾದ ಮಕ್ಕಳಿಗೆ ಅಲ್ಲಿ ಅರ್ಜಿ ಹಾಕಲು ಅವಕಾಶವಿದೆ. ಆದರೆ ಕನ್ನಡ ಬರುತ್ತದೆಂದು ತೋರಿಸಲು ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆಯಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಕಣ್ಣು ಗುಳಿ ಬಿದ್ದವಳು ಅಲ್ಲಿ ಕೂತು ನಾಲ್ಕನೇ ಇಯತ್ತೆಯ ಮಟ್ಟದ ಪ್ರಬಂಧ ಬರೆದೆ. ಕಾಸರಗೋಡಿನಿಂದ ಬಂದವರಿದ್ದರು, ಅಕ್ಕಲಕೋಟದಿಂದ ಬಂದವರಿದ್ದರು. ಎಲ್ಲರ ಮುಖದಲ್ಲೂ ಅದೇ ದಣಿವು. ಹೊರಗೆ ಬಂದಾಗ ಅಪ್ಪ ಕೇಳಿದ, “ಬರದೇನವಾ ಚಲೋತ್ನಾಗಿ?”

“ನಮ್ಮ ಊರು ಅಂತ ಬರಿ ಅಂದ್ರು. ಬರದೆ.”

“ಅದ್ರಾಗ ಏನ ಬರದಿ?”

“ಬಸ್ಸಿಲ್ಲ ಅಂತ ಬರದೆ.”

ಅಪ್ಪ ನಕ್ಕ. ಆ ಬೇಸಿಗೆಯಲ್ಲಿ ನಾವಿಬ್ಬರೂ ನಕ್ಕದ್ದು ಕಡಿಮೆ.

ಎರಡು ಸೀಟಿನಲ್ಲಿ ಒಂದನ್ನು ಆರಿಸುವುದಕ್ಕೆ ನಮ್ಮ ಮನೆಯಲ್ಲಿ ಯಾಕೆ ಅಷ್ಟು ಕಷ್ಟವಾಯಿತು ಅಂತ ಹೇಳಬೇಕಾದರೆ ಮೊದಲು ಅತ್ತಿಯ ಬಗ್ಗೆ ಹೇಳಬೇಕು.

ಅತ್ತಿ ಅಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು, ಜೊತೆಗೆ ಹೊಲಿಗೆ ಮಷಿನ್ನೂ ಬಂತು. ಊರ ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಅವಳ ದನಿ ದೊಡ್ಡದು. ಪಡಸಾಲೆಯಲ್ಲಿ ಕೂತು ಕರೆದರೆ ಓಣಿಯ ಆ ತುದಿಯಲ್ಲಿದ್ದ ನಾನು ಆಟ ಬಿಟ್ಟು ಓಡಿ ಬರುತ್ತಿದ್ದೆ. ದಿನಾ ಬೆಳಿಗ್ಗೆ ಮಿಶ್ರಿ ಹಚ್ಚುತ್ತಿದ್ದಳು. ತಂಬಾಕು ಹುರಿದು ಪುಡಿಮಾಡಿದ ಕಪ್ಪು ಹಲ್ಲುಪುಡಿ ಅದು. ನಮ್ಮ ಕಡೆ ಹೆಂಗಸರು ಅದನ್ನು ಹಲ್ಲಿಗೆ ತಿಕ್ಕಿ, ಬಾಯಲ್ಲಿ ಹಾಗೇ ಇಟ್ಟುಕೊಂಡು ಅರ್ಧ ಕೆಲಸ ಮುಗಿಸುತ್ತಾರೆ. ನಾನು ಹತ್ತನೆಯಲ್ಲಿದ್ದಾಗ ಅವಳ ಮೇಲಿನ ಅಂಗುಳಲ್ಲಿ ಒಂದು ಹುಣ್ಣು ಮಾಯದೆ ನಿಂತಿತು. ಜತ್ತದ ಡಾಕ್ಟರು ಮಿರಜಕ್ಕೆ ಕಳಿಸಿದರು. ನಮ್ಮ ಕಡೆ ಯಾವುದೇ ದೊಡ್ಡ ಬೇನೆಗೂ ಮಿರಜವೇ. ಅಲ್ಲಿ ಕ್ಯಾನ್ಸರ್ ಅಂದರು, ಮೇಲಿನ ದವಡೆಯ ಅರ್ಧ ಭಾಗ, ಅಂಗುಳು ಸಹಿತ ತೆಗೆದರು.

ಜೀವ ಉಳಿಯಿತು. ಆದರೆ ಬಾಯಿಗೂ ಮೂಗಿಗೂ ನಡುವೆ ಇದ್ದ ಗೋಡೆ ಹೋಯಿತು. ಕುಡಿದ ನೀರು ಮೂಗಿನಿಂದ ಇಳಿಯುತ್ತಿತ್ತು. ಮಾತು ಬಂದರೂ ಮೂಗಿನಲ್ಲೇ ಕಳೆದುಹೋಗುತ್ತಿತ್ತು. ಅವಳು ಮಂದಿಯೆದುರು ಊಟ ಮಾಡುವುದನ್ನು ಬಿಟ್ಟಳು. ಕುಬಸ ಹೊಲಿಸಲು ಬಂದವರು ಅಳತೆ ಕೊಟ್ಟು ಏನೋ ಕೇಳಿದರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಮನೆ ಎಷ್ಟು ಸಪ್ಪಳವಿಲ್ಲದೆ ಇರಬಹುದು ಅಂತ ನನಗೆ ಗೊತ್ತಾಗಿದ್ದು ಆಗ.

ಗಾಯ ಒಣಗಿದ ಮೇಲೆ ಮಿರಜದಲ್ಲೇ ಒಬ್ಬ ಹಲ್ಲಿನ ಡಾಕ್ಟರು ಅವಳಿಗೆ ಕವಳಿ ಮಾಡಿಕೊಟ್ಟರು. ಹಲ್ಲಿನ ಸೆಟ್ಟಿಗೆ ನಮ್ಮ ಕಡೆ ಕವಳಿ ಅನ್ನುತ್ತೇವೆ, ಮರಾಠಿಯಿಂದ ಬಂದ ಮಾತು. ಅವಳದ್ದು ಬರೀ ಹಲ್ಲಲ್ಲ. ಅದರ ಮೇಲೆ ಪ್ಲಾಸ್ಟಿಕ್ಕಿನ ಒಂದು ದಪ್ಪ ಗಡ್ಡೆ ಇತ್ತು, ಅದು ಹೋಗಿ ಆ ತೂತನ್ನು ಮುಚ್ಚುತ್ತಿತ್ತು. ಕೊನೆಯ ದಿನ, ಅದನ್ನು ಕೂಡಿಸುವ ದಿನ, ರಜೆಯಿತ್ತೆಂದು ನಾನೂ ಹೋಗಿದ್ದೆ. ಡಾಕ್ಟರು ಕವಳಿ ಇಟ್ಟು, ಗ್ಲಾಸಿನಲ್ಲಿ ನೀರು ಕೊಟ್ಟರು. ಅತ್ತಿ ಕುಡಿದಳು. ಒಂದು ಹನಿಯೂ ಮೂಗಿನಿಂದ ಬರಲಿಲ್ಲ. ಅವಳು ಸೀರೆಯ ಸೆರಗು ಮೂಗಿಗೆ ಹಿಡಿದುಕೊಂಡೇ ಇದ್ದಳು, ಇನ್ನೇನು ಬಂದೀತು ಅಂತ. ಆಮೇಲೆ ಅಪ್ಪನ ಕಡೆ ತಿರುಗಿ, “ತಮ್ಮಾ, ನಡಿ, ಮೂರೂವರಿ ಬಸ್ ಹೋಗ್ತೈತಿ” ಅಂದಳು.

ಸ್ಪಷ್ಟವಾಗಿ, ಹಳೆಯ ದನಿಯಲ್ಲಿ. ಅಪ್ಪ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೂರೂವರೆಯ ಬಸ್ಸು ಹೋಯಿತು.

ನಾನು ಹಲ್ಲಿನ ಡಾಕ್ಟರಾಗಬೇಕು ಅಂದಿದ್ದು ಅವತ್ತಿನಿಂದ. ಬೇರೆ ಹುಡುಗಿಯರು ಎಂಬಿಬಿಎಸ್ ಸಿಗದೆ ಬಿಡಿಎಸ್ ತೆಗೆದುಕೊಳ್ಳುತ್ತಿದ್ದರು. ನಾನು ಅದನ್ನೇ ಕೇಳಿಕೊಂಡು ಹೋದೆ. ಅದರಲ್ಲೂ ಮುಂದೆ ಎಂಡಿಎಸ್ ಮಾಡಿ, ಕೃತಕ ಹಲ್ಲು, ಅಂಗುಳು, ದವಡೆ ಮಾಡುವ ವಿಭಾಗಕ್ಕೇ ಹೋಗಬೇಕು ಅಂತ. ಪ್ರೊಸ್ಥೊಡಾಂಟಿಕ್ಸ್ ಅನ್ನುವ ಹೆಸರನ್ನು ಆಗ ನಾಲಿಗೆ ತಿರುಗದಿದ್ದರೂ ಕಲಿತಿದ್ದೆ.

ಈಗ ಎರಡು ಕಾಲೇಜು ಎದುರಿಗಿದ್ದವು. ಅಪ್ಪನಿಗೆ ಗಡಿಯಾಚೆಯ ಕಾಲೇಜು ಬೇಕು. ಅವನದು ಜತ್ತದಲ್ಲಿ ಪಂಪ್‌ಸೆಟ್ಟಿನ ಮೋಟರು ಸುತ್ತುವ ಅಂಗಡಿ; ಬೇಕೆಂದಾಗ ಬೀಗ ಹಾಕಿ ಬಂದು ಮಗಳನ್ನು ನೋಡಿ ಹೋಗಬಹುದು. “ರೊಟ್ಟಿ ಸಿಗ್ತಾವು, ನಮ್ಮ ಮಾತ ಸಿಗ್ತೈತಿ. ವಾರಕ್ಕೊಮ್ಮಿ ಮನಿಗಿ ಬರಬಹುದು. ಅಷ್ಟ ದೂರ ಹೋಗಿ ಏನ ಮಾಡ್ತಿ?” ಅಂದ. ಅವ್ವ ಅನ್ನ ಬಸಿಯುತ್ತಾ, “ಎಲ್ಲಿ ಹೋದ್ರೂ ಹಾಸ್ಟೆಲ್ ಹಾಸ್ಟೆಲ್ಲ. ಅಕಿಗಿ ಮನಸ ಎಲ್ಲಿ ಐತಿ ಕೇಳ್ರಿ ಮೊದಲ” ಅಂದಳು.

ನನ್ನ ಮನಸ್ಸು ಎಲ್ಲಿಯೂ ಇರಲಿಲ್ಲ. ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದರು. ಎಲ್ಲಕ್ಕಿಂತ ತಲೆತಿನ್ನುತ್ತಿದ್ದದ್ದು ಎಂಡಿಎಸ್ ವಿಚಾರ. ಕರ್ನಾಟಕದಲ್ಲಿ ಬಿಡಿಎಸ್ ಮಾಡಿದರೆ ಮುಂದೆ ಮಹಾರಾಷ್ಟ್ರದ ಕೋಟಾದಲ್ಲಿ ಎಂಡಿಎಸ್ ಸೀಟು ಸಿಗುತ್ತದೋ ಇಲ್ಲವೋ ಯಾರಿಗೂ ಖಾತ್ರಿ ಇರಲಿಲ್ಲ. ಆ ಕಡೆಯವರಾದರೂ ಮುಂದೆ ನನ್ನನ್ನು ತಮ್ಮವಳೆಂದು ಹಿಡಿಯುತ್ತಾರೋ, ಅದೂ ಗೊತ್ತಿಲ್ಲ. ನಿಯಮ ಪ್ರತಿವರ್ಷ ಬದಲಾಗುತ್ತಿತ್ತು. ಐದು ವರ್ಷದ ಆಚೆಯ ಬಾಗಿಲು ತೆರೆದಿರುತ್ತದೋ ಮುಚ್ಚಿರುತ್ತದೋ ಅಂತ ನೋಡಿ ಇವತ್ತು ಈ ಬಾಗಿಲಲ್ಲಿ ಕಾಲಿಡಬೇಕಾಗಿತ್ತು.

ಜತ್ತದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಡಾಕ್ಟರ್ ಮ್ಯಾಡಮ್ ದವಾಖಾನೆ ಇಟ್ಟಿದ್ದರು. ಅವರು ಬಿಡಿಎಸ್ ಮುಗಿಸಿ ಊರಿಗೆ ಬಂದವರು; ಸುತ್ತಲ ಹಳ್ಳಿಗಳ ಹಲ್ಲುನೋವೆಲ್ಲ ಅವರ ಬಾಗಿಲಿಗೇ ಬರುತ್ತಿತ್ತು. ಅಪ್ಪ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋದ. ಮಧ್ಯಾಹ್ನ ಮಂದಿ ಕಡಿಮೆಯಾದ ಹೊತ್ತು. ಅವರು ಕೈಗವಸು ತೆಗೆದು, ಬೆನ್ನು ಹಿಡಿದುಕೊಂಡು ಕೂತರು.

“ಬಿಲ್ಡಿಂಗ್ ನೋಡಿ ಆರಿಸಬ್ಯಾಡವಾ,” ಅಂದರು. “ಪೇಶಂಟ್ ಎಲ್ಲಿ ಬರ್ತಾರ ಅದನ್ನ ನೋಡು. ಸರ್ಕಾರಿ ಕಾಲೇಜಿಗೆ ಬಡವರು ಬರ್ತಾರ, ತಂಬಾಕ ತಿಂದ ಬಾಯಿ ಕೊರಿಸಿಕೊಂಡವರು ಬರ್ತಾರ. ನಿಮ್ಮ ಅತ್ತಿಯಂಥಾ ಕೇಸ್ ನೋಡಬೇಕಂದ್ರ ಅಲ್ಲಿ ಕಣ್ತುಂಬ ನೋಡಬಹುದು. ಆದ್ರ ಒಂದ ತಿಳ್ಕೋ. ಬಿಡಿಎಸ್‌ನಾಗ ಅಂಗುಳ ಮಾಡ್ಲಾಕ ನಿನ್ನ ಕೈಯಾಗ ಯಾರೂ ಕೊಡೂದಿಲ್ಲ. ಅದಕ್ಕ ಎಂಡಿಎಸ್ ಆಗಬೇಕು. ಅಲ್ಲೀತನಕ ನಿನಗ ಈ ಹುರುಪ ಉಳೀತದೋ ಇಲ್ಲೋ ನನಗ ಗೊತ್ತಿಲ್ಲ.”

“ಉಳೀತೈತ್ರಿ,” ಅಂದೆ.

ಅವರು ಸುಮ್ಮನೆ ನಕ್ಕರು. “ನಾನೂ ಮಕ್ಕಳ ಹಲ್ಲಿನ ಡಾಕ್ಟರ್ ಆಗ್ತೀನಿ ಅಂತ ಹೋಗಿದ್ದೆ. ನಾಲ್ಕನೇ ವರ್ಷ ಬರೂದ್ರಾಗ ಮಕ್ಕಳ ಅಳೂದ ಕೇಳಿದ್ರ ತಲಿಶೂಲಿ ಬರ್ತಿತ್ತು.” ಆಮೇಲೆ ಹೊರಗೆ ಗದ್ದ ಹಿಡಿದುಕೊಂಡು ಕೂತಿದ್ದ ಒಬ್ಬರನ್ನು ಒಳಗೆ ಕರೆದರು.

ಮನೆಗೆ ಬಂದಾಗ ಅತ್ತಿ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಸಲುವಾಗಿ ಅಂತ ಅವಳೆದುರು ಹೇಳಲು ನಮಗೆಲ್ಲ ಒಂದು ಥರ ಸಂಕೋಚ. ನಾನು ಅವಳ ಪಕ್ಕ ಕೂತೆ.

“ಅತ್ತಿ, ನೀನ ಹೇಳ. ಎಲ್ಲಿಗಿ ಹೋಗ್ಲಿ?”

“ನನಗೇನ ತಿಳೀತೈತಿ? ಎಲ್ಲಿ ಚಲೋ ಕಲಿಸ್ತಾರ ಅಲ್ಲಿಗಿ ಹೋಗ.” ಎಣ್ಣೆ ಒರೆಸಿದಳು. ಆಮೇಲೆ ದನಿ ಇಳಿಸಿ ಹೇಳಿದಳು, “ಒಂದ ಮಾತ ಕೇಳ್ತೀನಿ ಕೂಸ. ಈ ಕವಳಿ ವಾಸನಿ ಬರ್ತೈತಿ. ಎಷ್ಟ ತೊಳದ್ರೂ ಬರ್ತೈತಿ. ಮಂದಿ ಹತ್ರ ಕುಂತ್ರ ನನಗ ನಾಚಿಕಿ ಆಗ್ತೈತಿ. ಭಾರನೂ ಭಾಳ. ವಾಸನಿ ಬರಲಾರದಂಥಾದ್ದು ಮಾಡೂದ ಎಲ್ಲಿ ಕಲಿಸ್ತಾರ ಕೇಳ.”

ಅಷ್ಟು ದಿನ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾವು ಅವಳ ದನಿ ಬಂತೆಂದು ಸಮಾಧಾನದಲ್ಲಿದ್ದೆವು. ನಾನು ಮರುದಿನ ಅಪ್ಪನಿಗೆ ದೂರದ ಸರ್ಕಾರಿ ಕಾಲೇಜು ಅಂದೆ. ಅವನು ವಾದ ಮಾಡಲಿಲ್ಲ. ಬಹುಶಃ ಅವನೂ ದಣಿದಿದ್ದ.

ಮಿರಜ ಸ್ಟೇಶನ್ನಿನಲ್ಲಿ ಮಧ್ಯಾಹ್ನದ ರೈಲು. ರೊಟ್ಟಿಗೆ ಹಚ್ಚಿಕೊಳ್ಳಲು ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಡಬ್ಬಿ ನನ್ನ ತೊಡೆಯ ಮೇಲೆ. ಅಪ್ಪನೂ ಸೇರಿಸಲು ಬಂದಿದ್ದ. ಬೆಳಗಾದಾಗ ಕಿಟಕಿಯಾಚೆ ಹತ್ತಿಯ ಹೊಲಗಳು, ಕೇಳಿಸಿದ ಮರಾಠಿ ನಮ್ಮ ಮರಾಠಿಯಲ್ಲ. ಅಪ್ಪ ಚಹಾದವನಿಗೆ ಏನೋ ಕೇಳಿ, ಅವನ ಉತ್ತರ ತಿಳಿಯದೆ ನನ್ನ ಮುಖ ನೋಡಿದ. ನನಗೂ ತಿಳಿದಿರಲಿಲ್ಲ.

ಕಾಲೇಜಿನ ಮೊದಲೆರಡು ವರ್ಷ ನಾನು ಮೇಣ ಕೆತ್ತಿದೆ, ಪ್ಲಾಸ್ಟರ್ ಕಲಸಿದೆ. ಒಂದು ಮೇಣದ ತುಂಡಿನಿಂದ ಒಂದು ಹಲ್ಲು. ಅದರ ಉಬ್ಬು ತಗ್ಗು ಸರಿಬರದಿದ್ದರೆ ಸರ್ ಅದನ್ನು ಬೆರಳಲ್ಲಿ ಒತ್ತಿ ಪಕ್ಕಕ್ಕಿಡುತ್ತಿದ್ದರು, ಮತ್ತೆ ಇನ್ನೊಂದು ತುಂಡು. ಬೆರಳ ಸಂದಿಯಲ್ಲಿ ಪ್ಲಾಸ್ಟರ್ ಒಣಗಿ ಚರ್ಮ ಬಿರಿಯುತ್ತಿತ್ತು. ಅಂಗುಳು, ದವಡೆ ಅನ್ನುವುದೆಲ್ಲ ಎಲ್ಲೋ ಮೇಲಿನ ಮಹಡಿಯಲ್ಲಿ, ಎಂಡಿಎಸ್‌ನವರ ವಿಭಾಗದಲ್ಲಿ. ಹಾಸ್ಟೆಲ್ಲಿನಲ್ಲಿ ಕನ್ನಡ ಮಾತಾಡುವವರು ಯಾರೂ ಇರಲಿಲ್ಲ. ಮನೆಗೆ ಫೋನು ಮಾಡುವಾಗ ಮಾತ್ರ ನನ್ನ ನಾಲಿಗೆ ಸಡಿಲಾಗುತ್ತಿತ್ತು. ಅತ್ತಿ ಫೋನಿನಲ್ಲಿ, “ಕಲಿಸಿದ್ರೇನ?” ಅಂತ ಕೇಳುವಳು. “ಇನ್ನಾ ಇಲ್ಲ,” ಅಂತ ನಾನು.

ಮೂರನೇ ವರ್ಷ ಮೇಲಿನ ಮಹಡಿಗೆ ಹೋಗಿ ನಿಂತು ನೋಡಲು ಅನುಮತಿ ಸಿಕ್ಕಿತು. ಅಲ್ಲಿ ಒಬ್ಬ ರೈತ ಬಂದಿದ್ದ, ಅತ್ತಿಯ ಹಾಗೇ ಅರ್ಧ ಅಂಗುಳು ತೆಗೆದದ್ದು. ಅವನ ಹೆಂಡತಿ ಒಂದು ಬಟ್ಟೆಯ ತುಂಡು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಎಂಡಿಎಸ್ ವಿದ್ಯಾರ್ಥಿ ಕವಳಿ ಕೂಡಿಸಿ, ನೀರು ಕೊಟ್ಟ. ಮಿರಜದಲ್ಲಿ ನೋಡಿದ್ದನ್ನೇ ಮತ್ತೆ ನೋಡುತ್ತೇನೆ ಅಂದುಕೊಂಡಿದ್ದೆ.

ಅವನು ನೀರು ಕುಡಿದ. ಸ್ವಲ್ಪ ಒಳಗೆ ಹೋಯಿತು, ಸ್ವಲ್ಪ ಮೂಗಿನಿಂದ ಬಂತು. ಮುಖ ಕಿವುಚಿ ಕವಳಿ ತೆಗೆದು ಹೆಂಡತಿಯ ಕೈಯ ಬಟ್ಟೆಯಲ್ಲಿಟ್ಟ. ನೋಯುತ್ತದೆ ಅಂತ ಸನ್ನೆ ಮಾಡಿದ. ಮತ್ತೆ ತಿಕ್ಕಿದರು, ಮತ್ತೆ ಇಟ್ಟರು, ಮತ್ತೆ ತೆಗೆದ. ಆ ತಿಂಗಳೆಲ್ಲ ಅವನು ಬರುತ್ತಲೇ ಇದ್ದ. ಪ್ರತಿಸಲ ಬಂದಾಗಲೂ ಅವನ ಹೆಂಡತಿ ಇನ್ನಷ್ಟು ಸುಸ್ತಾದ ಹಾಗೆ ಕಾಣುತ್ತಿದ್ದಳು.

ನಾನು ಅವ್ವನಿಗೆ ಫೋನು ಮಾಡಿ ಕೇಳಿದೆ, “ಅತ್ತಿ ಮಿರಜಕ್ಕ ಎಷ್ಟ ಸಲ ಹೋಗಿದ್ಳು?”

“ಯಾರಿಗಿ ನೆನಪೈತಿ? ಅಷ್ಟ ಸಲ ಹೋದ್ಳು. ಬಾಯಾಗ ಹುಣ್ಣ ಎದ್ದ, ಊಟಾ ಬಿಟ್ಟ… ನೀ ಸಾಲಿಗಿ ಹೋಗ್ತಿದ್ದೆಲ್ಲ, ನಿನಗ ಹೇಳಿರಲಿಲ್ಲ.”

ಅವತ್ತು ನಾನು ನೋಡಿದ್ದು ಬಹಳ ದಿನದ ತಿರುಗಾಟದ ಕೊನೆಯ ಗಳಿಗೆ ಮಾತ್ರ. ಅದೊಂದನ್ನೇ ನೋಡಿ ನಾನು ಬದುಕಿನ ದಾರಿ ಹಿಡಿದಿದ್ದೆ. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಅದನ್ನು ಯೋಚಿಸಿದಾಗ ಪಶ್ಚಾತ್ತಾಪವಾಗಲಿಲ್ಲ. ಆದರೆ ಮೈ ಭಾರವಾಯಿತು, ಹೊತ್ತ ಮೂಟೆಯ ತೂಕ ಯಾರೋ ಈಗ ಹೇಳಿದ ಹಾಗೆ.

ಆಮೇಲೆ ಕೋವಿಡ್ ಬಂದು ಕಾಲೇಜು ಮುಚ್ಚಿತು. ತಿಂಗಳುಗಟ್ಟಲೆ ಮನೆಯಲ್ಲಿದ್ದೆ. ಅತ್ತಿಯ ಕವಳಿ ಸಡಿಲಾಗಿತ್ತು; ಗಾಯದ ಸುತ್ತಲ ಮಾಂಸ ಕುಗ್ಗುತ್ತಾ ಹೋದ ಹಾಗೆ ಅದು ಕೂಡುತ್ತಿರಲಿಲ್ಲ. ಮಿರಜಕ್ಕೆ ಹೋಗಲು ದಾರಿಯಿಲ್ಲ. ಅವಳು ಏನು ಮಾಡಿದ್ದಳೆಂದರೆ, ಕುಬಸದ ಅರಿವೆಯ ಮೆತ್ತನೆಯ ಚೂರನ್ನು ಕವಳಿಗೆ ಸುತ್ತಿ ಇಟ್ಟುಕೊಂಡಿದ್ದಳು. ನಾನು ತೆಗೆಸಿ ನೋಡಿದೆ. ಒಳಗೆ ಕೆಂಪಗೆ ತರಚಿತ್ತು.

“ಅರಿವಿ ಇಡಬ್ಯಾಡ ಅತ್ತಿ. ಹೊಲಸಾಗ್ತೈತಿ, ಹುಣ್ಣಾಗ್ತೈತಿ.”

“ಮತ್ತ ನೀ ಮಾಡಿಕೊಡ. ಡಾಕ್ಟರ್ ಆಗ್ಲಾಕತ್ತಿಯಲ್ಲ?”

ನನ್ನ ಹತ್ತಿರ ಏನೂ ಇರಲಿಲ್ಲ. ಅಚ್ಚು ತೆಗೆಯುವ ಸಾಮಾನಿಲ್ಲ, ಕುರ್ಚಿಯಿಲ್ಲ, ಅಧಿಕಾರವೂ ಇಲ್ಲ. ಕಾಲೇಜಿನ ಸರ್‌ಗೆ ಫೋನು ಮಾಡಿದೆ. ರಾತ್ರಿ ತೆಗೆದಿಡಲಿ, ಚುಚ್ಚುವ ಅಂಚು ಮಾತ್ರ ನುಣ್ಣಗೆ ಮಾಡು, ಅದಕ್ಕಿಂತ ಹೆಚ್ಚು ಏನೂ ಮಾಡಬೇಡ ಅಂದರು. ಅಪ್ಪನ ಅಂಗಡಿಯಿಂದ ನುಣುಪು ಎಮರಿ ಕಾಗದ ತರಿಸಿ, ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಕೂತು ಆ ಒಂದು ಅಂಚನ್ನು ತಿಕ್ಕಿದೆ. ಬೆರಳಿನಿಂದ ಮುಟ್ಟಿ ನೋಡುವುದು, ತಿಕ್ಕುವುದು, ಮತ್ತೆ ಮುಟ್ಟುವುದು. ಕುದಿಸಿ ಆರಿಸಿದ ನೀರಲ್ಲಿ ತೊಳೆದು ಕೊಟ್ಟೆ. ಅತ್ತಿ ಹಾಕಿಕೊಂಡು ನಾಲಿಗೆ ಆಡಿಸಿದಳು.

“ಚುಚ್ಚೂದಿಲ್ಲೀಗ,” ಅಂದಳು. ಸಣ್ಣಗೆ ನಕ್ಕು, “ಕಾಗದ ತಿಕ್ಕಾಕ ಅಷ್ಟ ದೂರ ಹೋಗಿದ್ದೇನ?” ಅಂದಳು.

ಎಲ್ಲರೂ ನಕ್ಕರು. ನನಗೂ ನಗು ಬಂತು. ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಬಿಡಿಎಸ್ ಮುಗಿದ ವರ್ಷ ಎಂಡಿಎಸ್ ಪ್ರವೇಶ ಪರೀಕ್ಷೆಯಲ್ಲಿ ನನ್ನ ಸ್ಥಾನ ಕೆಳಗೆ ಬಂತು. ನಮ್ಮದೇ ಕಾಲೇಜಿನಲ್ಲಿ ಬೇರೆ ವಿಭಾಗ ಸಿಗುತ್ತಿತ್ತು: ಸೂಕ್ಷ್ಮದರ್ಶಕದಲ್ಲಿ ಬಾಯಿಯ ರೋಗದ ತುಣುಕುಗಳನ್ನು ನೋಡುವ ವಿಭಾಗ. ಒಳ್ಳೆಯ ವಿಭಾಗವೇ. ಅತ್ತಿಯ ಹುಣ್ಣನ್ನು ಮೊದಲು ಕ್ಯಾನ್ಸರ್ ಅಂತ ಹೇಳಿದ್ದು ಅಂಥವರೇ ಯಾರೋ. ತೆಗೆದುಕೊಂಡುಬಿಡು ಅಂತ ಗೆಳತಿಯರು ಅಂದರು. ನನಗೂ ತೆಗೆದುಕೊಂಡು ಈ ಓಟ ಮುಗಿಸೋಣ ಅನಿಸಿತ್ತು. ಗಡುವಿನ ದಿನ ಮುಗಿಯುವವರೆಗೆ ಫೋನು ಕೈಯಲ್ಲಿ ಹಿಡಿದು ಕೂತು, ಕೊನೆಗೆ ಬೇಡ ಎಂದು ಗುಂಡಿ ಒತ್ತಿದೆ. ಧೈರ್ಯದಿಂದ ಒತ್ತಿದ್ದಲ್ಲ. ಅಷ್ಟು ವರ್ಷ ಒಂದೇ ಮಾತು ಹೇಳಿಕೊಂಡು ಬಂದಿದ್ದೆ; ಇನ್ನೊಂದು ಹೇಳಲು ಬಾಯಿ ಬರಲಿಲ್ಲ.

ಆ ವರ್ಷ ಜತ್ತದ ಅದೇ ಮ್ಯಾಡಮ್ ಹತ್ತಿರ ಕೆಲಸ ಮಾಡಿದೆ. ಹಗಲೆಲ್ಲ ಹಲ್ಲು ಕೀಳು, ಹಲ್ಲು ತುಂಬು, ಸಂಜೆ ಓದು. ಬಾಲಗಾಂವದಿಂದ, ಶೇಗಾಂವದಿಂದ ಬಂದವರು ಗಲ್ಲ ಊದಿಸಿಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಮ್ಯಾಡಮ್ ಒಂದು ದಿನ ಚಹಾ ಕುಡಿಯುತ್ತಾ, “ಹುರುಪ ಉಳದೈತೇನ?” ಅಂತ ಕೇಳಿದರು.

“ಹುರುಪ ಇಲ್ಲರಿ. ಹಟ ಐತಿ.”

“ಅದ ನಡೀತೈತಿ,” ಅಂದರು.

ಎರಡನೆಯ ಸಲ ಸೀಟು ಬಂತು, ನನಗೆ ಬೇಕಾದ ವಿಭಾಗದಲ್ಲೇ, ಪುಣೆಯ ಕಡೆಯ ಒಂದು ಕಾಲೇಜಿನಲ್ಲಿ. ಅಲ್ಲಿ ಹೋದ ಮೇಲೆ ಒಂದು ಸಂಗತಿ ತಿಳಿಯಿತು. ನನಗಿಂತ ಒಂದು ವರ್ಷ ಮುಂದಿದ್ದ ಹುಡುಗಿಯೊಬ್ಬಳು ನಮ್ಮ ಪಕ್ಕದ ಅಕ್ಕಲಕೋಟದವಳು. ನಾನು ಬೇಡ ಅಂದ ಅದೇ ಗಡಿಯಾಚೆಯ ಕಾಲೇಜಿನಲ್ಲಿ ಬಿಡಿಎಸ್ ಮಾಡಿ, ಮೊದಲ ಸಲಕ್ಕೇ ಇಲ್ಲಿಗೆ ಬಂದಿದ್ದಳು. ಐದು ವರ್ಷವೂ ವಾರಕ್ಕೊಮ್ಮೆ ಮನೆಗೆ ಹೋಗಿ ಜೋಳದ ರೊಟ್ಟಿ ತಿಂದು ಬಂದವಳು. ನನ್ನ ಕಥೆ ಕೇಳಿ ಅವಳು ಪಾಪ ಏನು ಹೇಳಬೇಕೋ ತಿಳಿಯದೆ, “ಆದ್ರ ನೀವು ಪೇಶಂಟ್ ಭಾಳ ನೋಡಿರಿ ಬಿಡ್ರಿ ಅಕ್ಕಾರ,” ಅಂದಳು. ನಿಜ ಇರಬಹುದು. ಅವಳ ಕೈ ನನ್ನ ಕೈಗಿಂತ ಕಡಿಮೆ ಏನೂ ಇರಲಿಲ್ಲ.

ಎರಡನೇ ವರ್ಷದಲ್ಲಿ ಅತ್ತಿಯನ್ನು ಕರೆಸಿದೆ. ಅಪ್ಪ ಕರೆದುಕೊಂಡು ಬಂದ. ಅಚ್ಚು ತೆಗೆಯುವ ಮುಂಚೆ ಆ ತೂತಿನ ಒಳಭಾಗಕ್ಕೆ ಮೆತ್ತನೆಯ ಬಟ್ಟೆ ತುಂಬಬೇಕು, ಅಚ್ಚಿನ ಸಾಮಾನು ಒಳಗೆ ಸಿಕ್ಕಬಾರದು ಅಂತ. ನನ್ನ ಕೈಗಳು ಅಂಥ ಎಷ್ಟೋ ಬಾಯಿಗಳಲ್ಲಿ ಹೋಗಿ ಬಂದಿದ್ದವು. ಆದರೂ ದೀಪ ಹಾಕಿ ಅವಳ ಬಾಯೊಳಗೆ ನೋಡಿದಾಗ ಒಂದು ಕ್ಷಣ ನಿಂತೆ. ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ನಾನು ಅದನ್ನು ನೋಡಿರಲಿಲ್ಲ. ಅವಳಿಗೆ ಓಕರಿಕೆ ಬಂದು ನನ್ನ ಮುಂಗೈ ಹಿಡಿದಳು. “ಮೂಗಿನಾಗ ಉಸಿರಾಡ ಅತ್ತಿ, ಮೂಗಿನಾಗ,” ಅಂದೆ. ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ, ಬಾಯಿ ಮೂಗು ಒಂದೇ ಆದವಳಿಗೆ ಎಂಥ ಮಾತು ಹೇಳಿದೆ ಅನಿಸಿತು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಓಕರಿಕೆಯಿಂದ.

ಹೊಸ ಕವಳಿಯ ಗಡ್ಡೆಯ ಒಳಗೆ ಟೊಳ್ಳು ಬಿಟ್ಟು ಹಗುರವಾಗಿ ಮಾಡಿದೆ. ಕೂಡಿಸಿದ ದಿನ ಅವಳು ನೀರು ಕುಡಿದಳು, ಬಿಸ್ಕೀಟು ತಿಂದಳು, ಹೇಳು ಅಂದ ಮಾತುಗಳನ್ನೆಲ್ಲ ಹೇಳಿದಳು. ನಮ್ಮ ಸರ್ ಚೆನ್ನಾಗಿದೆ ಅಂದರು. ಅತ್ತಿ ಅದನ್ನು ತೆಗೆದು ಕೈಯಲ್ಲಿ ಹಿಡಿದು ತೂಗಿ ನೋಡಿ, “ಹಗರ ಐತಿ,” ಅಂದಳು. ಆಮೇಲೆ ಮೂಸಿ ನೋಡಿದಳು.

“ದಿನಾ ತೊಳದ್ರ ಬರೂದಿಲ್ಲ. ತೊಳೀಲಿಲ್ಲಂದ್ರ ಇದೂ ಬರ್ತೈತಿ,” ಅಂದೆ. ಎಂಟು ವರ್ಷ ಕಲಿತು ಕೊಟ್ಟ ಉತ್ತರ ಅದು. ವಾಸನೆಯೇ ಬರದ ಕವಳಿಯನ್ನು ಎಲ್ಲಿಯೂ ಕಲಿಸುವುದಿಲ್ಲ.

ಎರಡು ತಿಂಗಳ ಮೇಲೆ ಊರಿಗೆ ಹೋದರೆ ಅತ್ತಿ ಹಳೆಯ ಕವಳಿ ಹಾಕಿಕೊಂಡು ಮಷಿನ್ ತುಳಿಯುತ್ತಿದ್ದಳು. ಹೊಸದು ಡಬ್ಬಿಯಲ್ಲಿತ್ತು. ಪ್ರವಾಸದ ದಣಿವೋ ಏನೋ, ನನಗೆ ಸಿಟ್ಟು ಬಂತು.

“ಯಾಕ ಅತ್ತಿ? ಚುಚ್ಚತೈತೇನ?”

“ಇಲ್ಲ.”

“ಮತ್ತ?”

ಅವಳು ಮಷಿನ್ ನಿಲ್ಲಿಸಿದಳು. “ಅದನ್ನ ಹಾಕ್ಕೊಂಡ್ರ ನನ್ನ ದನಿ ನನಗ ಯಾರದೋ ಕೇಳಿದಂಗ ಆಗ್ತೈತಿ. ನಾ ಇಷ್ಟ ವರ್ಷ ಇದ್ರಾಗ ಮಾತಾಡೇನಿ. ಮತ್ತ ಹೊಸದಾಗಿ ಮಾತ ಕಲೀಲಾಕ ನನಗ ಸಾಕಾಗೇತಿ ಕೂಸ.”

ಸಾಕಾಗೇತಿ ಅನ್ನುವ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಪಕ್ಕದಲ್ಲಿ ಕೂತು, ಹಳೆಯದು ಯಾಕೆ ಬೇಡ ಅಂತ ವಿವರಿಸಿದೆ: ಅದು ಒಳಗೆ ತಿಕ್ಕುತ್ತದೆ, ಮೊದಲೇ ಬೇನೆ ಬಂದ ಜಾಗ, ಹುಣ್ಣು ಎದ್ದರೆ ಕವಳಿ ತಿಕ್ಕಿದ ಹುಣ್ಣೋ ಕ್ಯಾನ್ಸರಿನ ಹುಣ್ಣೋ ತಿಳಿಯುವುದಿಲ್ಲ. ಅವಳು ಕೇಳಿದಳು. ಊಟಕ್ಕೆ ಹೊಸದು, ಮೊದಲು ಅಷ್ಟು ಮಾಡು ಅಂದೆ. ಒಪ್ಪಿದಳು. ಮುಂದಿನ ಸಲ ನಾನು ಊರಿಗೆ ಬರುವಾಗ ಸಾಮಾನು ತಂದು, ಮ್ಯಾಡಮ್ ದವಾಖಾನೆಯಲ್ಲಿ ಕೂಡಿಸಿ ಅಲ್ಲಲ್ಲಿ ಸ್ವಲ್ಪ ಏರಿಸಿದೆ, ಸ್ವಲ್ಪ ಇಳಿಸಿದೆ. ಮತ್ತೆ ಅದರ ಮುಂದಿನ ಸಲ. ಹೀಗೆ ಊಟದಿಂದ ಸಂತೆಗೆ, ಸಂತೆಯಿಂದ ಮದುವೆಮನೆಗೆ ಹೊಸ ಕವಳಿ ನಿಧಾನವಾಗಿ ಅವಳ ಬಾಯಲ್ಲಿ ನೆಲೆಯಾಯಿತು. ಹಳೆಯದನ್ನು ಅವಳೇ ಒಂದು ದಿನ ತಂದು ನನ್ನ ಕೈಗೆ ಹಾಕಿದಳು.

ಆದರೂ ಮಧ್ಯಾಹ್ನ ಅವ್ವನ ಜೊತೆ ಕಟ್ಟೆಯ ಮೇಲೆ ಶೇಂಗಾ ಒಡೆಯಲು ಕೂತಾಗ ಅವಳು ಕವಳಿ ತೆಗೆದಿಡುತ್ತಾಳೆ. ಮೂಗಿನಲ್ಲೇ ಮಾತಾಡುತ್ತಾಳೆ. ಅವ್ವ ಒಂದು ಸಲವೂ ‘ಏನು?’ ಅಂತ ಕೇಳುವುದಿಲ್ಲ. ಇಬ್ಬರೂ ತಾಸುಗಟ್ಟಲೆ ಯಾರ್ಯಾರದೋ ಸುದ್ದಿ ಆಡುತ್ತಾರೆ. ನಾನು ಡಾಕ್ಟರಿಕೆ ಬಿಟ್ಟು ಸುಮ್ಮನೆ ಕೇಳುತ್ತೇನೆ.

ಈಗ ಎಂಡಿಎಸ್ ಮುಗಿದಿದೆ. ಜತ್ತದಲ್ಲಿ ಮ್ಯಾಡಮ್ ದವಾಖಾನೆಯಲ್ಲೇ ಒಂದು ಕುರ್ಚಿ ನನ್ನದು. ವಾರದಲ್ಲಿ ಎರಡು ದಿನ ಮಿರಜಕ್ಕೆ ಹೋಗುತ್ತೇನೆ. ಅಲ್ಲಿ ಅಂಗುಳು ಕಳೆದುಕೊಂಡವರು ಬರುತ್ತಾರೆ. ಇಲ್ಲಿ ಜತ್ತದಲ್ಲಿ ಬರುವವರು ಹಲ್ಲು ಕೀಳಿಸಲೆಂದೇ ಬರುತ್ತಾರೆ, ‘ಲಗೂನ ಮಾಡ್ರಿ, ಬಸ್ ಐತಿ’ ಅನ್ನುತ್ತಾರೆ. ಕಲಿತದ್ದರಲ್ಲಿ ದೊಡ್ಡ ಪಾಲು ಹಾಗೇ ಕೂತಿರುತ್ತದೆ. ಬೇರೆ ಕಾಲೇಜು ಆರಿಸಿದ್ದರೆ ಏನಾಗುತ್ತಿತ್ತು ಅಂತ ಮೊದಲೆಲ್ಲ ಲೆಕ್ಕ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ. ಬಹುಶಃ ಇಲ್ಲಿಗೇ ಬರುತ್ತಿದ್ದೆ, ಸ್ವಲ್ಪ ಕಡಿಮೆ ದಣಿದು.

ಹೋದ ವಾರ ಮಿರಜದಲ್ಲಿ ಪಾನ್ ಅಂಗಡಿಯ ವಯಸ್ಸಾದ ಸಾಹೇಬರೊಬ್ಬರು ಬಂದಿದ್ದರು, ಜೊತೆಗೆ ಮಗಳು. ಮೊದಲ ಸಲ ಕವಳಿ ಕೂಡಿಸುವ ದಿನ. ಮಗಳು ಕೈ ಜೋಡಿಸಿಕೊಂಡು, ಇವತ್ತೇ ಮಾತು ಬರ್ತದಲ್ರಿ, ಅಂತ ಮೂರ್ನಾಲ್ಕು ಸಲ ಕೇಳಿದಳು. ನಾನು ಕುರ್ಚಿ ಎಳೆದು ಅವಳ ಎದುರು ಕೂತೆ.

“ಇವತ್ತ ನೋಯ್ತೈತಿ,” ಅಂದೆ. “ಮುಂದಿನ ವಾರಾನೂ ನೋಯಬಹುದು. ತಿದ್ದಿಸ್ಕೋಂತ ಬರಬೇಕು. ಬ್ಯಾಸರ ಬರ್ತೈತಿ, ನಿಮಗೂ ಬರ್ತೈತಿ, ಅವರಿಗೂ ಬರ್ತೈತಿ. ಬಂದ್ರ ಬಿಡಬ್ಯಾಡ್ರಿ, ನನಗ ಫೋನ್ ಮಾಡ್ರಿ.”

ಅವಳ ಮುಖ ಸಣ್ಣದಾಯಿತು. ಸಾಹೇಬರು ಮಾತ್ರ ನನ್ನನ್ನೇ ನೋಡುತ್ತಾ ಮೆಲ್ಲಗೆ ತಲೆಯಾಡಿಸಿದರು. ನಾನು ಕೈ ತೊಳೆದು, ಗವಸು ಹಾಕಿಕೊಂಡು, ದೀಪವನ್ನು ಅವರ ಬಾಯಿಯ ಕಡೆ ತಿರುಗಿಸಿದೆ.